ಭದ್ರೆಯ ಹಿನ್ನೀರಿನಲ್ಲಿ ಎರಡು ದಿನ

ಮಾಚೇನಹಳ್ಳಿಯ ನಮ್ಮ ಮನೆಯು ಎರಡು ಹೊಳೆಗಳ ನಡುವೆ ಇದೆ. ಶಿವಮೊಗ್ಗದ ಕಡೆಗೆ ಹೊರಟರೆ ತುಂಗೆ, ಭದ್ರಾವತಿಯ ಕಡೆಗೆ ಹೊರಟರೆ ಭದ್ರೆ. ಹೀಗಿದ್ದೂ ನಮ್ಮಲ್ಲಿ ಈಜು ಬಲ್ಲವರು ಒಬ್ಬರೂ ಇಲ್ಲ. ನಮ್ಮ ತಾಯಿಯವರ ತಮ್ಮ ಹದಿನಾರರ ಹರೆಯದಲ್ಲಿ ಕೂಡಲಿಯ ಸಂಗಮದಲ್ಲಿ ಸ್ನಾನಕ್ಕಿಳಿದವರು ಹಿಂದಿರುಗಲಿಲ್ಲ. ಅಂದಿನಿಂದ ತಾಯಿಯವರು ಯಾವ ಮಗುವನ್ನೂ ಹೊಳೆಯ ಮೆಟ್ಟಿಲಿನಿಂದಾಚೆ ಬಿಟ್ಟವರಲ್ಲ. ಭದ್ರಾವತಿಯ ಸೇತುವೆಯ ಮೇಲೆ ಬಸ್ಸು ಸಾಗುವಾಗಲೂ ಮುಖ ತಿರುಗಿಸುವರು. ಆದುದರಿಂದ ಮೊಮ್ಮಕ್ಕಳು ಬೇಸಿಗೆಯ ರಜೆಯಲ್ಲಿ ಲಕ್ಕವಳ್ಳಿಗೆ ಹೋಗಿ ಕಯಾಕ್ ನಡೆಸುವ ಮಾತೆತ್ತಿದಾಗ ನಾವು ಸುಮ್ಮನಿದ್ದೆವು. ಅವರು ಬಹಳ ಹೊತ್ತಿನ ಮೇಲೆ, "ನಾನೂ ಬರುತ್ತೇನೆ" ಎಂದಷ್ಟೇ ಹೇಳಿದರು.

ಹುಡುಗರಿಬ್ಬರು ನಸುಕಿನಲ್ಲಿಯೇ ಸೈಕಲ್ ಏರಿದರು. ನಾವು ಬಸ್ಸು ಹಿಡಿದೆವು. ಲಕ್ಕವಳ್ಳಿಯ ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ, ಸಂಗ್ರಹ 71.5 ಟಿ.ಎಂ.ಸಿ. ಅದರ ದಂಡೆಯಲ್ಲಿಯೇ ಜಂಗಲ್ ಲಾಡ್ಜಸ್ ಸಂಸ್ಥೆಯ ರಿವರ್ ಟರ್ನ್ ಲಾಡ್ಜ್ ಇದೆ. ಹೆಸರು ಕೊಟ್ಟ ಹಕ್ಕಿಗಳೋ ಸಾವಿರಾರು. ಬೇಸಿಗೆಯಲ್ಲಿ ನೀರು ಇಳಿದಂತೆ ತಲೆಯೆತ್ತುವ ನಡುಗಡ್ಡೆಗಳ ಬರಿನೆಲದ ಮೇಲೆ ಅವು ಮೊಟ್ಟೆಯಿಡುತ್ತವೆ. ಮಳೆಗಾಲದಲ್ಲಿ ನೀರು ಏರಿ ಗಡ್ಡೆ ಮುಳುಗುವ ಮುನ್ನ ಮರಿಗಳಿಗೆ ರೆಕ್ಕೆ ಬಲಿಯಬೇಕು. ಅಲ್ಲಿ ಕಾಲಿಡದೆ ದೂರದಿಂದಲೇ ನೋಡಿ ಬಂದೆವು.

ಕಯಾಕ್ ಎಂಬುದು ಒಬ್ಬಿಬ್ಬರು ಕಾಲು ಚಾಚಿ ಕೂರುವ ಕಿರುದೋಣಿ. ಎರಡೂ ತುದಿಗೆ ಹಲಗೆಯುಳ್ಳ ಒಂದೇ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಬೇಕು. ಉತ್ತರ ಧ್ರುವದ ಸಮೀಪದ ಜನರು ಮರ, ಎಲುಬುಗಳ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಇದನ್ನು ಮಾಡಿಕೊಂಡರು. ನಮ್ಮ ಹಿರಿಯರು ಬಿದಿರು ಹೆಣೆದು ತೊಗಲು ಹೊದಿಸಿ ಹರಿಗೋಲು ಮಾಡಿದರು. ಎಲ್ಲಿಯ ಹಿಮ, ಎಲ್ಲಿಯ ಮಲೆನಾಡು! ಕೂಡಲಿಯಲ್ಲಿ ತುಂಗೆಯನ್ನು ಸೇರುವ ಈ ನೀರೇ ಮುಂದೆ ತುಂಗಭದ್ರೆಯಾಗಿ, ಅಂಬಿಗರ ಚೌಡಯ್ಯನವರ ಹೆಸರಿನೊಡನೆ ಬೆರೆತಿರುವ ಚೌಡದಾನಪುರದ ದಂಡೆಯನ್ನು ಮುಟ್ಟುವುದು. ಹುಟ್ಟು ಹಾಕುವುದನ್ನೇ ಕಾಯಕವಾಗಿಸಿಕೊಂಡ ಶರಣರನ್ನು ನಿತ್ಯ ನೆನೆಯುವ ನಾವು ಒಮ್ಮೆಯೂ ಹುಟ್ಟು ಹಿಡಿದಿರಲಿಲ್ಲವೆಂಬುದು ಅಂದೇ ಹೊಳೆಯಿತು.

ಮೊಮ್ಮಗಳ ಸರದಿ ಬಂದಿತು. ತಾಯಿಯವರು ಎದ್ದು ಹೋಗಿ ಅವಳ ತೇಲುಕವಚದ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದರು. ದೋಣಿ ನಡೆಸುವ ತರುಣನನ್ನು, "ಇದು ಎಷ್ಟು ಹೊತ್ತು ತೇಲಿಸುತ್ತದೆ?" ಎಂದು ಕೇಳಿದರು. ಆತನು ನಗಲಿಲ್ಲ; ಸರಿಯಾಗಿ ಬಿಗಿದಿದ್ದರೆ ಈಜು ಬಾರದವರ ತಲೆಯೂ ನೀರಿನ ಮೇಲೆಯೇ ಇರುವುದೆಂದು ವಿವರಿಸಿ, ತಾನು ಪಕ್ಕದ ದೋಣಿಯಲ್ಲಿಯೇ ಇರುವೆನೆಂದನು. ಮಗು ಮೊದಲು ಸುತ್ತಿದಲ್ಲಿಯೇ ಸುತ್ತಿ, ಬಳಿಕ ನೇರವಾಗಿ ಸಾಗಿತು. ಅದು ಮರಳುವವರೆಗೂ ತಾಯಿಯವರು ನಿಂತೇ ಇದ್ದರು. ನೀರಿನಿಂದ ಕಣ್ಣು ಕೀಳಲಿಲ್ಲ.

ಸಂಜೆ ಕಿರಿಯ ಹುಡುಗನು ಗಾಳ ಬೇಕೆಂದು ಹಟ ಹಿಡಿದನು. ಅಭಯಾರಣ್ಯದ ಮಿತಿಯಲ್ಲಿ ಗಾಳ ಹಾಕುವಂತಿಲ್ಲ. ಶೃಂಗೇರಿಯ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬರುವ ಮನೆಯವರಾದ ನಮಗೆ ವಿನೋದಕ್ಕಾಗಿ ಮೀನನ್ನು ನೋಯಿಸಲು ಮನಸ್ಸೂ ಒಪ್ಪದು. ಅಷ್ಟನ್ನು ಹೇಳಿದೆವು. ಆದರೆ ಅವನು ಮೀನುಗಾರರು ಕೆಟ್ಟವರೇ ಎಂದು ಕೇಳಿದಾಗ ನಾವು ತಡವರಿಸಿದೆವು. ಉತ್ತರ ಕೊಟ್ಟವರು ತಾಯಿಯವರು: "ನನ್ನ ತಮ್ಮನನ್ನು ಹುಡುಕಿ ಮೇಲಕ್ಕೆ ತಂದವರು ಮೀನುಗಾರರೇ. ಎರಡು ದಿನ ನೀರಿನಲ್ಲಿದ್ದರು, ಒಂದು ಕಾಸನ್ನೂ ಮುಟ್ಟಲಿಲ್ಲ." ಈ ಸಂಗತಿಯನ್ನು ನಾವೂ ಮೊದಲ ಬಾರಿಗೆ ಕೇಳಿದೆವು.

ಮರುದಿನ ಊರಿಗೆ ಮರಳುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಬದಿಯ ಆಸನವನ್ನು ಕೇಳಿ ಪಡೆದರು. ಭದ್ರಾವತಿ ದಾಟಿದ ಮೇಲೆ, ಶಿವಮೊಗ್ಗದಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸುವವರು ಯಾರಿದ್ದಾರೆ, ನಾಳೆಯೇ ವಿಚಾರಿಸಿ ಬಾ ಎಂದರು.