ಮಾಯವಾದ ಕ್ಯಾಸೆಟ್ಟಿಗೆ, ಸ್ಕಂದಗಿರಿಯ ತಪ್ಪಲಿನಿಂದ

ಪ್ರೀತಿಯ ಕ್ಯಾಸೆಟ್ಟೇ,

ನೀನು ಊರು ಬಿಟ್ಟದ್ದು ಯಾವಾಗ ಅಂತ ಯಾರಿಗೂ ಸರಿಯಾಗಿ ನೆನಪಿಲ್ಲ. ಮೊದಲು ಗೌರಿಬಿದನೂರಿನ ಕಡೆ ಹೋಗುವ ಬಸ್ಸುಗಳಿಂದ ಇಳಿದೆ, ಆಮೇಲೆ ಟೀ ಅಂಗಡಿಯ ಟೇಪ್‌ರೆಕಾರ್ಡರಿನಿಂದ, ಕೊನೆಗೆ ಚಿಕ್ಕಬಳ್ಳಾಪುರದ ಬಜಾರಿನ ಗಾಜಿನ ಕಪಾಟುಗಳಿಂದ. ನೀನಿದ್ದ ಮಳಿಗೆಗಳಲ್ಲಿ ಈಗ ಮೊಬೈಲ್ ಕವರುಗಳು ತೂಗುತ್ತಿವೆ. ಹಳೆಯದನ್ನು ನೆನೆದು ಕೊರಗಲು ಈ ಕಾಗದ ಬರೆಯುತ್ತಿಲ್ಲ. ನಮ್ಮ ಸೀಮೆಯ ಹುಡುಗರಿಗೆ ನಿನ್ನಿಂದ ಒಂದು ಕೆಲಸ ಆಗಬೇಕಿದೆ.

ಈ ಹುಡುಗರು ರ‍್ಯಾಪ್ ಹಾಡುತ್ತಾರೆ. ಕಳವಾರದ ಪಕ್ಕ, ಪಾಪಾಗ್ನಿ ಮಠದಿಂದ ಮೇಲಕ್ಕೆ ಸ್ಕಂದಗಿರಿಯ ದಾರಿ ಹಿಡಿದರೆ ಇವರ ದನಿ ಕೇಳುತ್ತದೆ. ಬೆಳಗಿನ ಜಾವ ಬೆಂಗಳೂರಿನವರು ಮೋಡ ನೋಡಲು ಸುಮಾರು 1,450 ಮೀಟರಿನ ಬೆಟ್ಟ ಹತ್ತುತ್ತಾರೆ. ಅವರೆಲ್ಲ ಇಳಿದು ಕಾರು ಹತ್ತಿದ ಮೇಲೆ ಬಂಡೆಯೊಂದರ ಮೇಲೆ ಕೂತು, ಫೋನಿನಲ್ಲಿ ಬೀಟ್ ಹಾಕಿಕೊಂಡು ಇವರು ಶುರುಮಾಡುತ್ತಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಆಡಿ ಬೆಳೆದವರು. ಕನ್ನಡದಲ್ಲಿ ಹೊರಟ ಸಾಲು ನಡುದಾರಿಯಲ್ಲಿ ತೆಲುಗಿಗೆ ಹೊರಳಿ, ಪ್ರಾಸದ ಹೊತ್ತಿಗೆ ಎಡವದೆ ಕನ್ನಡಕ್ಕೇ ಬಂದು ನಿಲ್ಲುತ್ತದೆ. ಕೇಳಿ ಮೈ ಜುಮ್ಮೆಂದಿತು. ‘ಎಲ್ಲ ಸೇರಿಸಿ ಒಂದು ಆಲ್ಬಂ ಮಾಡ್ರಪ್ಪಾ’ ಅಂದೆ. ಅವರಲ್ಲೊಬ್ಬ, ‘ಒಂದೊಂದೇ ಬಿಡ್ತೀವಿ ಅಣ್ಣ. ಆಲ್ಬಂ ಪೂರ್ತಿ ಯಾರು ಕೇಳ್ತಾರೆ?’ ಅಂದ.

ಆ ಪ್ರಶ್ನೆಗೆ ಸಾಕ್ಷಿ ಹೇಳಬೇಕಾದವನು ನೀನು. ಹಿಪ್‌ಹಾಪ್‌ನ ಬಾಲ್ಯ ಕಂಡವನು ನೀನೇ ಅಲ್ಲವೇ? 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ, ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ನಾಲ್ಕು ಕಾಸು ಕೂಡಿಸಲು ಒಂದು ಪಾರ್ಟಿ ಇಟ್ಟಳು. ರೆಕಾರ್ಡು ಹಾಕಿದವನು ಅವಳ ಅಣ್ಣ, ಜಮೈಕಾದಲ್ಲಿ ಹುಟ್ಟಿದ ಕ್ಲೈವ್. ಲೋಕಕ್ಕೆ ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ದನಿ ನಿಂತು ಡ್ರಮ್ ಮಾತ್ರ ಉಳಿಯುವ ಜಾಗದಲ್ಲಿ ಜನ ಕುಣಿಯುತ್ತಾರೆ ಅನ್ನುವುದನ್ನು ಅವನು ಗಮನಿಸಿದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರ ನಂತರ ಒಂದನ್ನು ತಿರುಗಿಸುತ್ತ ಆ ಜಾಗವನ್ನು ಬೇಕಾದಷ್ಟು ಹೊತ್ತು ಎಳೆದ. ಅದರ ಮೇಲೆ ಮಾತು ಕೂತಿತು. ‘ರ‍್ಯಾಪರ್ಸ್ ಡಿಲೈಟ್’ ಎಂಬ ಹಾಡಾಗಿ ಆ ಮಾತು ರೆಕಾರ್ಡಿಗೆ ಬಂದದ್ದು 1979ರಲ್ಲಿ. ನಡುವಿನ ಆರು ವರ್ಷ ಆ ಮಾತನ್ನು ಹೊತ್ತು ತಿರುಗಿದವನು ನೀನು. ಪಾರ್ಟಿಯಲ್ಲಿ ತುಂಬಿಸಿಕೊಂಡ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಹೋದವು, ಪ್ರತಿಯಿಂದ ಪ್ರತಿಯಾದವು, ಬಾಡಿಗೆ ಕಾರುಗಳಲ್ಲಿ ಮೊಳಗಿದವು. ದೊಡ್ಡ ಕಂಪನಿಗಳು ಬಾಗಿಲು ತೆರೆಯದಿದ್ದಾಗ ಬಡವರ ಕೈಗೆ ಎಟುಕಿದವನು ನೀನು.

ನಮ್ಮೂರಿನಲ್ಲೂ ನಿನ್ನ ಕಸುಬು ಅದೇ. ರೆಕಾರ್ಡಿಂಗ್ ಅಂಗಡಿಗೆ ಹಾಡುಗಳ ಪಟ್ಟಿ ಬರೆದುಕೊಂಡು ಹೋಗುತ್ತಿದ್ದೆವು. ಅಂಗಡಿಯವರು ಪಟ್ಟಿ ನೋಡಿ, ಅರವತ್ತು ನಿಮಿಷದ್ದು ಸಾಕೋ ತೊಂಬತ್ತರದ್ದು ಬೇಕೋ ಎಂದು ಕೇಳುತ್ತಿದ್ದರು. ಎ ಸೈಡಿಗೆ ಮೂವತ್ತೇ ನಿಮಿಷ. ಕೊನೆಯ ಹಾಡು ನಡುವೆ ಕಡಿದು ಹೋಗಬಾರದು. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಬಿಡಬೇಕು ಎಂದು ಕೌಂಟರಿನ ಮೇಲೆ ಪಟ್ಟಿ ಇಟ್ಟುಕೊಂಡು ಗುದ್ದಾಡುತ್ತಿದ್ದೆವು. ತುಂಬಿಸಿದ ಮೇಲೆ ನಿನ್ನ ಬೆನ್ನಿನ ಅಂಚಿನ ಎರಡು ಪ್ಲಾಸ್ಟಿಕ್ ಎಸಳನ್ನು ಮುರಿದು ಕೊಡುತ್ತಿದ್ದರು. ಆಮೇಲೆ ನಿನ್ನಲ್ಲಿ ತುಂಬಿದ್ದನ್ನು ಯಾರೂ ಅಳಿಸುವಂತಿಲ್ಲ. ಅಳತೆ, ಕ್ರಮ, ಆಯ್ಕೆ, ಕೊನೆಗೆ ‘ಇಷ್ಟು ಸಾಕು, ಇದು ಮುಗಿಯಿತು’ ಅನ್ನುವ ಧೈರ್ಯ. ನಮಗೆ ಇದನ್ನೆಲ್ಲ ಕಲಿಸಿದ್ದು ನಿನ್ನ ಆ ಮೂವತ್ತು ನಿಮಿಷದ ಕಟ್ಟು.

ಆ ಕಟ್ಟಿನೊಳಗೆ ಎಂಥ ಬೆಳೆ ಬಂತು ಅನ್ನುವುದಕ್ಕೆ 1994 ಒಂದು ವರ್ಷ ಸಾಕು. ಏಪ್ರಿಲ್ 19ಕ್ಕೆ ಇಪ್ಪತ್ತು ವರ್ಷದ ನಾಸ್ ‘ಇಲ್‌ಮ್ಯಾಟಿಕ್’ ತಂದ. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿ ಬಡಾವಣೆಯ ಹುಡುಗ. ಅವನ ಆಲ್ಬಂನಲ್ಲಿ ಎ ಸೈಡ್, ಬಿ ಸೈಡ್ ಅಂತ ಇರಲಿಲ್ಲ. ಒಂದಕ್ಕೆ ‘ನಲವತ್ತನೇ ಕಡೆ, ಉತ್ತರ’, ಇನ್ನೊಂದಕ್ಕೆ ‘ನಲವತ್ತೊಂದನೇ ಕಡೆ, ದಕ್ಷಿಣ’ ಅಂತ ಹೆಸರು. ಎರಡೂ ಅವನ ಬಡಾವಣೆಯ ಅಕ್ಕಪಕ್ಕದ ಬೀದಿಗಳು. ನಿನ್ನನ್ನು ಮಗುಚಿ ಹಾಕಿದರೆ ಕೇಳುವವನು ಬಡಾವಣೆಯ ಈ ಬದಿಯಿಂದ ಆ ಬದಿಗೆ ನಡೆದು ಹೋದ ಹಾಗೆ. ಅದೇ ತಿಂಗಳು ಅಟ್ಲಾಂಟಾದಿಂದ ಔಟ್‌ಕಾಸ್ಟ್ ಜೋಡಿಯ ಮೊದಲ ಆಲ್ಬಂ ಬಂತು. ಜೂನಿನಲ್ಲಿ ಲಾಂಗ್ ಬೀಚ್‌ನ ವಾರೆನ್ ಜಿ, ಸೆಪ್ಟೆಂಬರ್ 13ಕ್ಕೆ ಬ್ರೂಕ್ಲಿನ್ನಿನ ನಟೋರಿಯಸ್ ಬಿ.ಐ.ಜಿ.ಯ ‘ರೆಡಿ ಟು ಡೈ’, ಅಕ್ಟೋಬರಿನಲ್ಲಿ ಶಿಕಾಗೋದ ಕಾಮನ್ ಮತ್ತು ಹ್ಯೂಸ್ಟನ್ನಿನ ಸ್ಕಾರ್‌ಫೇಸ್. ಒಂದೇ ವರ್ಷದಲ್ಲಿ ಇಷ್ಟು ಊರುಗಳು ತಮ್ಮ ತಮ್ಮ ಉಚ್ಚಾರಣೆಯಲ್ಲಿ, ತಮ್ಮ ತಮ್ಮ ಸಂಕಟ ಸಂಭ್ರಮಗಳನ್ನು ಪೂರ್ತಿ ಕುಳಿತು ಹೇಳಿದವು. ಬರಿಯ ನಾಲ್ಕು ನಿಮಿಷದ ಹಾಡುಗಳೇ ಬಂದಿದ್ದರೆ ಇವರ ಹೆಸರು ನಮಗೆ ತಿಳಿಯುತ್ತಿತ್ತು, ಊರು ತಿಳಿಯುತ್ತಿರಲಿಲ್ಲ.

ಅದೇ 1994ರಲ್ಲಿ ತಮಿಳಿನ ‘ಕಾದಲನ್’ ತೆಲುಗಿಗೆ ‘ಪ್ರೇಮಿಕುಡು’ ಆಗಿ ಬಂತು. ಅದರ ಪೇಟೆ ರ‍್ಯಾಪ್‌ನ ಮೂಲ ತಮಿಳು ಹಾಡಿನಲ್ಲಿ ಎ.ಆರ್. ರೆಹಮಾನ್ ಅವರು ಸುರೇಶ್ ಪೀಟರ್ಸ್, ಶಾಹುಲ್ ಹಮೀದ್ ಜೊತೆಗೆ ತೇನಿ ಕುಂಜರಮ್ಮಾಳ್ ಎಂಬ ಜನಪದ ಗಾಯಕಿಯನ್ನು ಕೂರಿಸಿದ್ದರು. ರ‍್ಯಾಪ್ ಮಾಡಲು ಅಮೆರಿಕದ ನಾಲಿಗೆಯೇ ಬೇಕೆಂದಿಲ್ಲ, ಹಳ್ಳಿಯ ಗಂಟಲೂ ಆಗುತ್ತದೆ ಎಂಬುದು ಅಲ್ಲಿಗೇ ಇತ್ಯರ್ಥವಾಯಿತು.

ಕನ್ನಡಕ್ಕೆ ನೀನು ಮಾಡಿದ ಉಪಕಾರವೂ ಸಣ್ಣದಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ ಸೇರಿ ‘ನಿತ್ಯೋತ್ಸವ’ ಬಂದಾಗ ಭಾವಗೀತೆ ಸಭೆಯಿಂದ ಎದ್ದು ಅಡುಗೆಮನೆಗೆ ಬಂತು. ದೊಡ್ಡರಂಗೇಗೌಡರು ಬರೆದು, ಅಶ್ವತ್ಥ್ ಸಂಗೀತ ಕೊಟ್ಟು, ಎಸ್ಪಿಬಿ ಹಾಡಿದ ‘ಮಾವು ಬೇವು’ ಆಲ್ಬಂ ಅನ್ನು ಒಂದೊಂದು ಹಾಡಾಗಿ ಯಾರೂ ನೆನೆಯುವುದಿಲ್ಲ, ಇಡಿಯಾಗಿಯೇ ನೆನೆಯುತ್ತಾರೆ. ಧೀರೇಂದ್ರ ಗೋಪಾಲ್ ರಾಜಕಾರಣಿಗಳನ್ನು ತರಾಟೆಗೆ ತೆಗೆದುಕೊಂಡ ಕ್ಯಾಸೆಟ್ಟುಗಳಲ್ಲಿ ಹಾಡಿಗಿಂತ ಮಾತಿನ ಓಟವೇ ಹೆಚ್ಚು. ಊರ ಜನ ಅಂಗಡಿ ಮುಂದೆ ನಿಂತು ಅದನ್ನು ಕೇಳಿದರು. ಮಾತನ್ನೇ ತಾಳಕ್ಕೆ ಹಾಕಿ ಅಧಿಕಾರದ ಮುಂದೆ ನಿಲ್ಲಿಸುವುದು ನಮಗೆ ಹೊಸದಲ್ಲ ಎಂದು ಈ ಹುಡುಗರಿಗೆ ಹೇಳಬೇಕೆನಿಸುತ್ತದೆ.

ನೀನು ಹೋದ ಮೇಲೆ ಏನಾಯಿತು ಕೇಳು. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಸ್ಟ್ರೀಮ್ ಎಂದು ಲೆಕ್ಕ. ಹೀಗಾಗಿ ಕೇಳುಗನನ್ನು ಹಿಡಿದಿಡುವ ಕೊಕ್ಕೆಯ ಸಾಲೆಲ್ಲ ಹಾಡಿನ ಮುಂದಕ್ಕೆ ಬಂತು. ನಿಧಾನವಾಗಿ ಕಟ್ಟಿಕೊಂಡು ಹೋಗುವ ಹಾಡಿಗೆ ಜಾಗ ಕಿರಿದಾಯಿತು. ಅಮೆರಿಕದ ಬಿಲ್‌ಬೋರ್ಡ್ 2014ರ ಕೊನೆಯಿಂದ 1,500 ಸ್ಟ್ರೀಮುಗಳನ್ನು ಒಂದು ಆಲ್ಬಂ ಮಾರಾಟಕ್ಕೆ ಸಮ ಎಂದು ಎಣಿಸತೊಡಗಿತು. ಆಮೇಲೆ ಅಂಕಿ ಬದಲಾಯಿತು, ಲೆಕ್ಕದ ರೀತಿ ಉಳಿಯಿತು. ಒಂದೇ ಹಾಡನ್ನು ಸಾವಿರದೈನೂರು ಸಲ ಹಾಕಿದರೂ ಅಂದಿನ ಲೆಕ್ಕದ ಪುಸ್ತಕದಲ್ಲಿ ಅದು ಒಂದು ಆಲ್ಬಂ. ವ್ಯಾಪಾರಕ್ಕೆ ಈ ಲೆಕ್ಕ ಸರಿಹೋಗಬಹುದು. ಹೊಲದ ಒಂದೇ ಮೂಲೆಯನ್ನು ಸಾವಿರದೈನೂರು ಸಲ ಉತ್ತರೆ ಹೊಲವೆಲ್ಲ ಉತ್ತಂತೆ ಆಗುವುದಿಲ್ಲ.

ಕನ್ನಡದ ರ‍್ಯಾಪ್ ಬೆಳೆದದ್ದು ಬಹುಪಾಲು ಈ ಹೊಸ ಕಾಲದಲ್ಲೇ. ಬೆಂಗಳೂರಿನ ಬ್ರೋಧಾ ವಿ 2012ರಲ್ಲಿ ‘ಆತ್ಮರಾಮ’ದಲ್ಲಿ ಇಂಗ್ಲಿಷ್ ರ‍್ಯಾಪ್ ನಡುವೆ ಭಜನೆಯನ್ನು ಕೂರಿಸಿ ಕಿವಿ ನಿಮಿರಿಸಿದರು. ಆಲ್ ಓಕೆ, ಚಂದನ್ ಶೆಟ್ಟಿ ರ‍್ಯಾಪನ್ನು ಮದುವೆ ಮನೆಯವರೆಗೂ ತಲುಪಿಸಿದರು. ಚಂದನ್ 2018ರಲ್ಲಿ ಬಿಗ್ ಬಾಸ್ ಗೆದ್ದಾಗ ಅಜ್ಜಿಯರಿಗೂ ‘ರ‍್ಯಾಪರ್’ ಎಂದರೆ ಯಾರೆಂದು ಗೊತ್ತಾಯಿತು. ಎಂ.ಸಿ. ಬಿಜ್ಜು, ರಾಹುಲ್ ಡಿಟೋ ಬೀದಿ ಕನ್ನಡದ ಬಿರುಸನ್ನು ಮೈಕಿಗೆ ತಂದರು. 2024ರ ಜುಲೈನಲ್ಲಿ ಬಂದ, ಬೆಂಗಳೂರಿನಲ್ಲಿ ನೆಲೆ ಕಂಡುಕೊಂಡ ಹನುಮಾನ್‌ಕೈಂಡ್‌ನ ‘ಬಿಗ್ ಡಾಗ್ಸ್’ ಲೋಕವೆಲ್ಲ ಸುತ್ತಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ 23ನೇ ಸ್ಥಾನಕ್ಕೆ ಏರಿತು. ಇವರೆಲ್ಲರ ಮೇಲೂ ನನಗೆ ಅಭಿಮಾನವಿದೆ. ಆದರೂ ನಮ್ಮ ಕಿವಿಯಲ್ಲಿ ಉಳಿದವು ಬಹುತೇಕ ಬಿಡಿ ಹಾಡುಗಳೇ. ಬಿಡಿ ಹಾಡಿನಲ್ಲಿ ‘ನಾನು ಬಂದೆ, ನೋಡಿ’ ಎನ್ನುವುದಕ್ಕೇ ಹೊತ್ತು ಮುಗಿಯುತ್ತದೆ. ಎಲ್ಲಿಂದ ಬಂದೆ, ಯಾರ ಜೊತೆ ಬಂದೆ, ಬರುವಾಗ ಯಾರನ್ನು ಬಿಟ್ಟು ಬಂದೆ ಎನ್ನುವುದಕ್ಕೆ ಬಿಡುವು ಬೇಕು. ಅದೇ 2024ರಲ್ಲಿ ತಮಿಳು ರ‍್ಯಾಪರ್ ಅರಿವು ಶ್ರೀಲಂಕಾದ ಚಹಾ ತೋಟದಲ್ಲಿ ದುಡಿದ ತಮ್ಮ ಅಜ್ಜಿ ವಳ್ಳಿಯಮ್ಮನ ಹೆಸರಿನಲ್ಲೇ ಒಂದು ಆಲ್ಬಂ ಮಾಡಿದರು, ‘ವಳ್ಳಿಯಮ್ಮಾ ಪೇರಾಂಡಿ’. ವಳ್ಳಿಯಮ್ಮನ ಮೊಮ್ಮಗ ಎಂದು ಹೇಳಿಕೊಂಡವರಿಗೆ ಮೂರು ನಿಮಿಷ ಸಾಲುವುದಿಲ್ಲ.

ಈ ಸೀಮೆಯ ಅಜ್ಜಿಯರಿಗೇನು ಕಡಿಮೆ? 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದೆವು. ನಮ್ಮ ಜಿಲ್ಲೆಯನ್ನು ಇಡಿಯಾಗಿ ಹಾಡಿದ ಒಂದು ಆಲ್ಬಂ ನನ್ನ ತಲೆಯೊಳಗೆ ಆಗಲೇ ಓಡುತ್ತಿದೆ. ಅದರ ಎ ಸೈಡ್ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಶುರುವಾಗಲಿ. ಜಾಲರಿಯಲ್ಲಿ ಸುರಿದ ರೇಷ್ಮೆಗೂಡು, ಲಾಟ್ ನಂಬರು, ಫೋನಿನಲ್ಲೇ ಕೂಗುವ ಹರಾಜು, ದರ ಬಿದ್ದಾಗ ರೈತನ ಮುಖ. ಎರಡನೆಯದು ನೂಲು ಬಿಚ್ಚುವ ಹೆಂಗಸರದ್ದು. ದಿನವೆಲ್ಲ ಬಿಸಿನೀರಿನಲ್ಲಿ ಅದ್ದಿ ಬಿಳಿಚಿಕೊಂಡ ಅವರ ಬೆರಳುಗಳ ಕತೆಯನ್ನು ಅವರ ಮಗಳೇ ಹಾಡಬೇಕು, ಬೇರೆಯವರು ಹಾಡಿದರೆ ಒಪ್ಪುವುದಿಲ್ಲ. ಮೂರನೆಯದು ನೀರಿನದು. ಸಾವಿರದ ಐನೂರು ಅಡಿ ಕೊರೆದರೂ ಧೂಳೆದ್ದ ಕೊಳವೆಬಾವಿ, ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬಂದು ಕಂದವಾರ ಕೆರೆ ತುಂಬಿದ ಬೆಂಗಳೂರಿನ ಸಂಸ್ಕರಿತ ನೀರು, ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ಕೇಳುತ್ತಲೇ ಇರುವ ಜನ. ರಾಜಧಾನಿ ಬಳಸಿ ಬಿಟ್ಟ ನೀರು ನಮ್ಮ ಪಾಲಿಗೆ ಬರುವುದಕ್ಕಿಂತ ದೊಡ್ಡ ರ‍್ಯಾಪ್ ವಸ್ತು ಯಾವ ಬ್ರಾಂಕ್ಸ್‌ನಲ್ಲಿ ಸಿಕ್ಕೀತು?

ಬಿ ಸೈಡಿಗೆ ತಮಟೆ. ಇದೇ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆ ಬಾರಿಸಿದ್ದಕ್ಕೆ. ತಮಟೆಯವರು ಬಾರಿಸುವ ಮುಂಚೆ ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸುವುದನ್ನು ನೋಡಿದ್ದೀಯಲ್ಲ: ಉರಿಗೆ ಹಿಡಿದು ತಿರುಗಿಸುತ್ತಾ, ಬೆರಳಲ್ಲಿ ತಟ್ಟಿ ಕಿವಿಗೊಟ್ಟು, ಇನ್ನೂ ಸಡಿಲವಿದ್ದರೆ ಮತ್ತೆ ಉರಿಗೆ. ನಾದ ‘ಟಣ್’ ಎಂದ ಮೇಲೇ ಕೋಲು ಎತ್ತುತ್ತಾರೆ. ಫೋನಿನಲ್ಲಿ ಸಿಗುವ ಯಾರದೋ ಬೀಟಿನ ಬದಲು ಈ ಹುಡುಗರು ಆ ಕಾದ ಚರ್ಮದ ಪಕ್ಕ ಮೈಕು ಇಟ್ಟು ಒಂದು ಸುತ್ತು ಹಿಡಿದು, ಹರ್ಕ್ ಮಾಡಿದಂತೆ ಅದನ್ನೇ ಎಳೆದರೆ ಸಾಕು, ಆಲ್ಬಂಗೆ ಬೆನ್ನೆಲುಬು ಬಂತು. ಆಮೇಲೆ 1938ರ ಏಪ್ರಿಲ್ 25: ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಸೇರಿದ ಜನರ ಮೇಲೆ ಗುಂಡು ಹಾರಿದ ದಿನ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಪಾಠದಲ್ಲಿ ಓದಿ ಮರೆತದ್ದನ್ನು ಒಬ್ಬ ಹುಡುಗ ಉತ್ತಮ ಪುರುಷದಲ್ಲಿ ಹೇಳಲಿ. ಅದರ ಬೆನ್ನಿಗೆ ಚಿಂತಾಮಣಿ ತಾಲ್ಲೂಕಿನ ಕೈವಾರ. ಅಲ್ಲಿಯ ಯೋಗಿ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ತತ್ವ ಹಾಡಿದವರು. ಎರಡು ನುಡಿ ಬೆರೆಸಿದ್ದಕ್ಕೆ ಈ ಹುಡುಗರು ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ ಎನ್ನುವುದಕ್ಕೆ ಅವರೇ ಆಧಾರ. ಕೊನೆಯದು ಸ್ಕಂದಗಿರಿ, ಕಳವಾರದವರ ಕಣ್ಣಿನಿಂದ: ಟಿಕೆಟ್ ಬುಕ್ ಮಾಡಿ ಬಂದವರು ಮೋಡದ ಫೋಟೊ ತೆಗೆದುಕೊಂಡು ಹೋದ ಮೇಲೆ ಬೆಟ್ಟದಲ್ಲಿ ಉಳಿಯುವ ಕೋಟೆ, ಕುರಿ ಮತ್ತು ಬಾಟಲಿ.

ಇಷ್ಟಾದರೆ ಏಳು ಹಾಡು, ನಲವತ್ತು ನಿಮಿಷ. ಕ್ಯಾಸೆಟ್ಟೇ, ನಿನ್ನ ಪ್ಲಾಸ್ಟಿಕ್ ಮೈ ಬರಬೇಕಿಲ್ಲ. ಯೂಟ್ಯೂಬಿನಲ್ಲೇ ಬಿಡಲಿ, ಕಾಸಿಲ್ಲದವರೂ ಕೇಳಲಿ. ನಿನ್ನ ಅಳತೆ ಬರಲಿ, ನಿನ್ನ ಕ್ರಮ ಬರಲಿ, ಬೇಡದ್ದನ್ನು ಬಿಡುವ ನಿನ್ನ ನಿಷ್ಠುರ ಬರಲಿ. ‘ಆಲ್ಬಂ ಪೂರ್ತಿ ಯಾರು ಕೇಳ್ತಾರೆ’ ಎಂದ ಹುಡುಗನಿಗೆ ನನ್ನ ಉತ್ತರ ಇದು: ತಮ್ಮ ಊರಿನ ಹೆಸರು, ತಮ್ಮ ಅಮ್ಮನ ಕೆಲಸ, ತಮ್ಮ ಕೆರೆಯ ನೀರು ಅದರೊಳಗಿದೆ ಎಂದು ಗೊತ್ತಾದ ದಿನ ಇಲ್ಲಿಯ ಜನ ಕೇಳುತ್ತಾರೆ. ಹೊರಗಿನವರು ಆಮೇಲೆ ತಾವಾಗಿ ಬರುತ್ತಾರೆ. ಕ್ವೀನ್ಸ್‌ಬ್ರಿಜ್‌ಗೆ ಎಂದೂ ಕಾಲಿಡದ ನಾವು ಅದರ ಎರಡು ಬೀದಿಗಳನ್ನು ಅರಿತದ್ದು ಹಾಗೆಯೇ. ಅಮೆರಿಕದ ರ‍್ಯಾಪ್ ಕೇಳುವವರು 1994 ಎಂದ ಕೂಡಲೇ ಊರೂರುಗಳ ಆಲ್ಬಂ ಹೆಸರು ಎಣಿಸುತ್ತಾರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದು ಎಣಿಸಿಕೊಳ್ಳುವ ಒಂದು ವರ್ಷ ಕನ್ನಡಕ್ಕೂ ಬರಬೇಕು. ಅದಕ್ಕೆ ಬೇಕಾದ ದನಿಗಳು ಈಗಲೇ ಇಲ್ಲಿವೆ.

ಇಂತಿ ನಿನ್ನ,
ಚಿಕ್ಕಬಳ್ಳಾಪುರದ ಒಬ್ಬ ಕೇಳುಗ