ನೀರು ಕುಡಿಯೋ ಕಾರು

ನಮ್ಮ ಹಳೇ ಮಾರುತಿ 800 ನೀರು ಕುಡಿಯುತ್ತೆ ಅಂತ ಮನೇಲಿ ಎಲ್ರಿಗೂ ಗೊತ್ತಿತ್ತು. ಬೆಳಿಗ್ಗೆ ಹಾಲಿನವನು ಬರೋ ಹೊತ್ತಿಗೆ ಅಪ್ಪ ಬಾನೆಟ್ ಎತ್ತಿ ರೇಡಿಯೇಟರಿಗೆ ಒಂದು ಚೊಂಬು ಬೋರ್‌ವೆಲ್ ನೀರು ಸುರಿಯೋರು. ಅವರ ಕಣ್ಣು ಮಂಜಾದ ಮೇಲೆ ಆ ಚೊಂಬು ನನ್ನ ಕೈಗೆ ಬಂತು. ದಿನಾ ಹಾಕಿದ ನೀರು ಎಲ್ಲಿಗೆ ಹೋಗ್ತಿದೆ ಅಂತ ನಾನೂ ಕೇಳ್ಲಿಲ್ಲ...

ಹೋದ ತಿಂಗಳು ಅಪ್ಪನ ಕಣ್ಣು ತೋರಿಸೋಕೆ ಸಕಲೇಶಪುರದಿಂದ ಮಂಗಳೂರಿಗೆ ಹೋಗಿದ್ವಿ. ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದ ಹಾಗೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿಬಿಡ್ತು. ಹಿಂದೆ ಸಾಲಾಗಿ ಟ್ಯಾಂಕರುಗಳು. ಹೇಗೋ ಪಕ್ಕಕ್ಕೆ ಹಾಕಿದೆ. ಗಾಬರೀಲಿ ಬಟ್ಟೆ ಸುತ್ತಿ ರೇಡಿಯೇಟರ್ ಕ್ಯಾಪ್ ತಿರುಗಿಸೋಕೆ ಹೋದೆ.

"ಮುಟ್ಬೇಡ್ವೋ!" ಅಂತ ಅಪ್ಪ ಕೂಗಿದ್ರು. ಬದುಕಿದೆ! ಒತ್ತಡದಲ್ಲಿರೋ ನೀರು 100 ಡಿಗ್ರಿ ದಾಟಿದ್ರೂ ಕುದಿಯಲ್ಲ, ಕ್ಯಾಪ್ ತೆಗೆದ ಕ್ಷಣ ಕುದ್ದು ಮುಖಕ್ಕೇ ಹಾರುತ್ತೆ. ಒಂದು ಗಂಟೆ ಕಾದ್ವಿ. ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೊಂಡಿದ್ದ ಅಪ್ಪ ಕಪ್ಪು ಕನ್ನಡಕದಲ್ಲಿ ಕಲ್ಲಿನ ಮೇಲೆ ಸುಮ್ನೆ ಕೂತಿದ್ರು. ತಣ್ಣಗಾದ ಮೇಲೆ ಬಾಟಲಿ ನೀರು ಹಾಕಿ, ನಿಂತು ನಿಂತು ಮನೆ ಸೇರಿದ್ವಿ.

ಮಾರನೇ ದಿನ ಮೆಕ್ಯಾನಿಕ್ ಮೊದಲು ಇಂಜಿನ್ ಆಯಿಲ್ ನೋಡಿದ್ರು. ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಬೆರೆತಿದ್ರೆ ಅದು ಹಾಲು ಹಾಕಿದ ಕಾಫಿ ಥರ ಆಗಿರುತ್ತಂತೆ. ಆಗಿರ್ಲಿಲ್ಲ. ಇನ್ನು ಕಾರು ಗುಜರಿಗೇ ಅಂದ್ಕೊಂಡಿದ್ದ ನನಗೆ ಹೋದ ಜೀವ ಬಂತು. ಆಮೇಲೆ ಕ್ಯಾಪಿನ ಜಾಗದಲ್ಲಿ ಮೀಟರ್ ಇರೋ ಕೈಪಂಪ್ ಕೂರಿಸಿ ಗಾಳಿ ತುಂಬಿದ್ರು. ಮೀಟರಿನ ಮುಳ್ಳು ನಿಧಾನಕ್ಕೆ ಇಳೀತು. ಟಾರ್ಚ್ ಬಿಟ್ಟು ನೋಡಿದ್ರೆ ವಾಟರ್ ಪಂಪಿನ ಅಡಿಯ ಸಣ್ಣ ತೂತಿನಲ್ಲಿ ಒಂದೊಂದೇ ಹನಿ, ಸುತ್ತ ಬಿಳೀ ಉಪ್ಪಿನ ಕಲೆ.

"ಒಳಗಿನ ಸೀಲ್ ಹೋದ್ರೆ ಗೊತ್ತಾಗ್ಲಿ ಅಂತಾನೇ ಈ ತೂತು ಇರೋದು ಸಾರ್. ಬಿಸಿ ಇಂಜಿನ್ ಮೇಲೇ ಆವಿ ಆಗಿಬಿಡ್ತಿತ್ತು, ಅದಕ್ಕೇ ನೆಲದಲ್ಲಿ ಕಂಡಿಲ್ಲ. ಬೋರ್ ನೀರು ಹಾಕ್ತಿದ್ರಾ?"

ನಾನು ತಲೆ ತಗ್ಗಿಸಿದೆ.

ಹೊಸ ಪಂಪ್, ಗ್ಯಾಸ್ಕೆಟ್, ಬೆಲ್ಟ್ ಬಿತ್ತು. ರೇಡಿಯೇಟರ್ ತೊಳೆದಾಗ ತುಕ್ಕಿನ ಬಣ್ಣದ ನೀರು ಹರೀತು. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಿ, ಗಾಳಿಗುಳ್ಳೆ ನಿಲ್ಲೋವರೆಗೂ ಇಂಜಿನ್ ಓಡಿಸಿದ್ರು.

ಆರೈಕೆ ಅಂದ್ಕೊಂಡು ಸುರಿದ ನೀರೇ ಸೀಲ್ ತಿಂದಿತ್ತು ನೋಡಿ. ಮೂರು ವಾರದಿಂದ ನೀರಿನ ಮಟ್ಟ ಇಳಿದಿಲ್ಲ. ಆದ್ರೂ ಅಪ್ಪ ದಿನಾ ಬೆಳಿಗ್ಗೆ "ನೀರು ನೋಡಿದ್ಯೇನೋ?" ಅಂತಾರೆ. ಚೊಂಬು ಮಾತ್ರ ಈಗ ತುಳಸಿಕಟ್ಟೆ ಹತ್ರ ಇದೆ.

ನಿಮ್ಮನೇಲೂ ನೀರು ಕುಡಿಯೋ ಕಾರಿದ್ರೆ, ಚೊಂಬು ಹುಡುಕೋ ಮೊದಲು ಟಾರ್ಚ್ ಹುಡುಕಿ ಮಾರಾಯ್ರೆ!