ಅಪ್ಪನ ಉಪವಾಸ

ಅಪ್ಪ-ಅವ್ವನ ಮದುವೆ ಆದದ್ದು 1955ರಲ್ಲಿ. ಅಪ್ಪನ ಊರು ನಾರಾಯಣಖೇಡದ ಹತ್ತಿರ, ಆಗ ಬೀದರ್ ಜಿಲ್ಲೆ. ಅವ್ವನ ತವರು ತಾಂಡೂರು, ಆಗ ಗುಲ್ಬರ್ಗಾ ಜಿಲ್ಲೆ. ಎರಡೂ ಕಡೆಯವರು ಲಿಂಗಾಯತರೇ. ಅಪ್ಪನ ಮನೆಮಾತು ಕನ್ನಡ, ಅವ್ವನ ಮನೆಮಾತು ತೆಲುಗು. ಅದನ್ನು ಆಗ ಯಾರೂ ಕೇಳಲಿಲ್ಲವಂತೆ. ಎತ್ತು ಎಷ್ಟು, ಹೊಲ ಎಷ್ಟು ಎಂದು ಕೇಳಿದರು, ಅಷ್ಟೆ.

ಮರುವರ್ಷ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ಬೀದರ್ ಮತ್ತು ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ ಸೇರಿದವು. ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ನ್ಯಾಲ್ಕಲ್ ವೃತ್ತ, ತಾಂಡೂರು, ಕೊಡಂಗಲ್ ಆಂಧ್ರಪ್ರದೇಶಕ್ಕೆ ಹೋದವು. ಅಪ್ಪ ಅವತ್ತು ಊಟ ಮಾಡಲಿಲ್ಲ. ಮರುದಿನ ಮನೆಯಲ್ಲಿ ಒಂದು ನಿಯಮ ಹೇಳಿದರು. ಹೊಸ್ತಿಲ ಒಳಗೆ ಕನ್ನಡ ಮಾತ್ರ. ಅವ್ವನಿಗೆ ಆಗ ಹದಿನಾರು ವರ್ಷ. ಕನ್ನಡ ಅರ್ಥವಾಗುತ್ತಿತ್ತು, ನಾಲಗೆ ಹೊರಳುತ್ತಿರಲಿಲ್ಲ. ಅತ್ತೆಯ ಬಾಯಿ ನೋಡಿ ನೋಡಿ ಕಲಿತಳು.

ಅಪ್ಪನ ಹಟಕ್ಕೆ ಕಾರಣ ಇತ್ತು. ನಿಜಾಮರ ಕಾಲದಲ್ಲಿ ಅವರು ಓದಿದ್ದು ಉರ್ದುವಿನಲ್ಲಿ. ಕನ್ನಡ ಅಕ್ಷರ ಕಲಿತದ್ದು 1948ರಲ್ಲಿ, ರಜಾಕಾರರ ಕಾಟಕ್ಕೆ ಗಡಿ ದಾಟಿ ಸೊಲ್ಲಾಪುರದ ಕಡೆಯ ಹೋರಾಟಗಾರರ ಶಿಬಿರದಲ್ಲಿದ್ದಾಗ. ಆಗ ಅವರು ಹತ್ತೊಂಬತ್ತರ ಹುಡುಗ. ಸೆಪ್ಟೆಂಬರ್ 17ರಂದು ನಿಜಾಮ ಶರಣಾದ ಮೇಲೆ ಊರಿಗೆ ಬಂದರು. ಚೀಲದಲ್ಲಿ ಒಂದು ಜೊತೆ ಖಾದಿ ಬಟ್ಟೆ, ಒಂದು ಅಂಕಲಿಪಿ ಬಿಟ್ಟು ಬೇರೇನೂ ಇರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಹೊಲದ ಲೆಕ್ಕವನ್ನು ಮಾತ್ರ ಅಪ್ಪ ಕೊನೆಯವರೆಗೂ ಉರ್ದುವಿನಲ್ಲೇ ಬರೆದರು. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತುತ್ತಿರಲಿಲ್ಲ.

ನಾನು ಹುಟ್ಟಿದ್ದು 1961ರಲ್ಲಿ. ಅಪ್ಪ ನನಗಾಗಲಿ ತಮ್ಮನಿಗಾಗಲಿ ಒಂದು ಏಟು ಹೊಡೆದದ್ದಿಲ್ಲ. ಓಣಿಯ ಉಳಿದ ಮಕ್ಕಳು ಬಾರುಕೋಲಿನ ಏಟು ತಿಂದು ಅಳುವುದು ನಮ್ಮ ಮನೆಗೆ ಕೇಳುತ್ತಿತ್ತು. ನಮ್ಮಲ್ಲಿ ಯಾರ ಬಾಯಿಂದಾದರೂ ತೆಲುಗು ಬಂದರೆ ಅಪ್ಪ ಗಂಗಾಳ ಸರಿಸಿ ಎದ್ದುಬಿಡುತ್ತಿದ್ದರು.

"ನನಗ ಹಸಿವಿಲ್ಲ," ಎನ್ನುತ್ತಿದ್ದರು. ಧ್ವನಿ ಏರಿಸುತ್ತಿರಲಿಲ್ಲ.

ಅವರು ಉಣ್ಣದಿದ್ದರೆ ಅವ್ವ ಉಣ್ಣುವಂತಿಲ್ಲ. ಅವ್ವ ಉಣ್ಣದಿದ್ದರೆ ಅಜ್ಜಿ ಉಣ್ಣುತ್ತಿರಲಿಲ್ಲ. ಮಕ್ಕಳಿಗೆ ಮಾತ್ರ ಬಡಿಸುತ್ತಿದ್ದರು. ಮೂವರು ಹಸಿದ ದೊಡ್ಡವರ ನಡುವೆ ಕೂತು ಜೋಳದ ರೊಟ್ಟಿ, ಪುಂಡಿಪಲ್ಯ ನುಂಗಬೇಕು. ಬಿಡುವಂತಿಲ್ಲ, ಬಿಟ್ಟರೆ ಅನ್ನ ಕೆಡಿಸಿದ ಪಾಪ. ಬೆಳಿಗ್ಗೆ ಅಪ್ಪ ಹಸಿದ ಹೊಟ್ಟೆಯಲ್ಲೇ ಹೊಲಕ್ಕೆ ಹೋಗುತ್ತಿದ್ದರು. ಅವರು ಸಂಜೆ ತಿರುಗಿ ಬರುವ ತನಕ ನನಗೆ ಹೊಟ್ಟೆ ನೋಯುತ್ತಿತ್ತು. ಅಪ್ಪನಿಗೆ ನಾನು ಹೆದರುತ್ತಿರಲಿಲ್ಲ. ಅಪ್ಪ ಸಾಯುತ್ತಾರೆ, ಅದು ನನ್ನಿಂದ ಎಂದು ಹೆದರುತ್ತಿದ್ದೆ. ಹೊಡೆದಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಉಪವಾಸ ಇದ್ದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಊರ ಶಾಲೆ ತೆಲುಗಿನದು. ಬೆಳಗಿನಿಂದ ಸಂಜೆವರೆಗೆ ತೆಲುಗು, ಮನೆಗೆ ಬಂದ ಕೂಡಲೇ ಕನ್ನಡ. ತಪ್ಪದೆ ಇರಲು ನನಗೆ ಕಂಡ ದಾರಿ ಮಾತಾಡದೆ ಇರುವುದು. ಎರಡೂ ಕಡೆ ಬಾಯಿ ಮುಚ್ಚಿಕೊಂಡೆ. ಮಾಸ್ತರರು ನನ್ನನ್ನು ಮಂದ ಎಂದುಕೊಂಡು ಹಿಂದಿನ ಸಾಲಿನಲ್ಲಿ ಕೂರಿಸಿದರು.

ಅವ್ವ ಬೆಳಗಿನ ಜಾವ ಬೀಸುವಾಗ ತೆಲುಗಿನಲ್ಲಿ ಹಾಡುತ್ತಿದ್ದಳು. ಅಪ್ಪ ಎಚ್ಚರವಿರುತ್ತಿದ್ದರು. ಬೀಸುಕಲ್ಲಿನ ಹಾಡಿಗೆ ಮಾತ್ರ ಅವರು ಏನೂ ಅನ್ನಲಿಲ್ಲ. ನಾನು ಎದ್ದು ಹೋಗಿ ಅವ್ವನ ಮಗ್ಗುಲಲ್ಲಿ ಮಲಗುತ್ತಿದ್ದೆ.

ಶಿವರಾತ್ರಿಗೆ ಝರಾಸಂಗಮದ ಜಾತ್ರೆಗೆ ಹೋಗುತ್ತಿದ್ದೆವು. ಜಹೀರಾಬಾದಿನ ಹತ್ತಿರ ಕೇತಕಿ ಸಂಗಮೇಶ್ವರನ ಗುಡಿ ಇದೆ. ಕರ್ನಾಟಕದವರು, ಆಂಧ್ರದವರು, ಮರಾಠರು ಎಲ್ಲರೂ ಬರುತ್ತಿದ್ದರು. ಹೊಂಡದ ಮೆಟ್ಟಿಲ ಮೇಲೆ ಅವ್ವ ಗುರುತಿಲ್ಲದ ಹೆಂಗಸರ ಜೊತೆ ತೆಲುಗಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದಳು, ಕೈ ತಿರುಗಿಸಿ, ಜೋರಾಗಿ ನಕ್ಕು. ಮನೆಯಲ್ಲಿ ಅವಳು ಹಾಗೆ ನಗುವುದನ್ನು ನಾನು ಕಂಡಿರಲಿಲ್ಲ. ಅಪ್ಪ ದೂರದಲ್ಲಿ ಬೆನ್ನು ತಿರುಗಿಸಿ ಕೂತಿರುತ್ತಿದ್ದರು. ಗುಡಿಗೆ ಹೊಸ್ತಿಲ ನಿಯಮ ಇರಲಿಲ್ಲ.

ಅಪ್ಪ ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಿತ್ತು. ಅವರು ವರದಕ್ಷಿಣೆ ಮುಟ್ಟಲಿಲ್ಲ. ಹೊಲಗೇರಿಯ ಮಕ್ಕಳನ್ನು ಪಡಸಾಲೆಗೆ ಕರೆದು ನಮ್ಮ ಪಕ್ಕ ಕೂರಿಸಿ ಕಂದೀಲಿನ ಬೆಳಕಿನಲ್ಲಿ ಕನ್ನಡ ಅಕ್ಷರ ತಿದ್ದಿಸಿದರು. ಬಂಧುಗಳು ಮನೆಗೆ ಬರುವುದು ಬಿಟ್ಟರು, ಅಪ್ಪ ಬಗ್ಗಲಿಲ್ಲ. ಆದರೆ ಆ ಮಕ್ಕಳ ಅಪ್ಪಂದಿರು ಒಬ್ಬೊಬ್ಬರಾಗಿ ಬಿಡಿಸಿಕೊಂಡು ಹೋದರು. ಸರ್ಕಾರಿ ಶಾಲೆಯ ಪಾಠ ತೆಲುಗಿನಲ್ಲಿ, ಇದರಿಂದ ಅವರಿಗೆ ಏನು ಸಿಕ್ಕೀತು? 1972ರಲ್ಲಿ ದೊಡ್ಡ ಬರ ಬಿತ್ತು. ಅದೇ ವರ್ಷ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರಿಗೆ ಪಿಂಚಣಿ ತಂದಿತು. ಶಿಬಿರದ ಗೆಳೆಯರು ಅರ್ಜಿ ಹಾಕಲು ಹೇಳಿದರು. "ನಾ ಪಗಾರಕ್ಕ ಹೋಗಿದ್ದಿಲ್ಲ," ಎಂದರು ಅಪ್ಪ. ಆ ಬೇಸಿಗೆಗೆ ಅವ್ವನ ಬೆಳ್ಳಿ ಡಾಬು ಮಾರಿದೆವು.

ಅಷ್ಟರಲ್ಲಿ ನನ್ನನ್ನು ಬೀದರಿಗೆ ಕಳಿಸಿದ್ದರು. ಐದನೇ ಇಯತ್ತೆಯಿಂದ ಅಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಓದಿದೆ. ಊರಲ್ಲಿ ನಾನು 'ಕನ್ನಡದವರ ಹುಡುಗಿ' ಆಗಿದ್ದೆ. ಬೀದರಿನಲ್ಲಿ 'ಆಂಧ್ರದಾಕಿ' ಆದೆ. ಅತ್ತೆ ಒಳ್ಳೆಯವಳು. ರಾತ್ರಿ ನಿದ್ದೆಯಲ್ಲಿ ನಾನು ತೆಲುಗಿನಲ್ಲಿ ಮಾತಾಡುತ್ತಿದ್ದೆನಂತೆ. ಅದನ್ನು ಅವಳು ಅಪ್ಪನಿಗೆ ಯಾವತ್ತೂ ಹೇಳಲಿಲ್ಲ.

1974ರಲ್ಲಿ ತಾಂಡೂರಿನ ಅಮ್ಮಮ್ಮ ಹಾಸಿಗೆ ಹಿಡಿದಳು. ಜಹೀರಾಬಾದಿನಲ್ಲಿ ರೈಲು ಹತ್ತಿ, ವಿಕಾರಾಬಾದಿನಲ್ಲಿ ಇಳಿದು, ವಾಡಿ ಕಡೆಯ ರೈಲು ಹಿಡಿದು ಹೋದೆವು. ಅಮ್ಮಮ್ಮ ನನ್ನ ಕೈ ಹಿಡಿದು ತೆಲುಗಿನಲ್ಲಿ ಕೇಳಿದಳು: ಚೆನ್ನಾಗಿ ಊಟ ಹಾಕುತ್ತಾರಾ, ಬೀದರಿನಲ್ಲಿ ಯಾರಾದರೂ ಗೆಳತಿಯರು ಇದ್ದಾರಾ? ಅಪ್ಪ ಬಾಗಿಲಲ್ಲಿ ನಿಂತಿದ್ದರು. ನಾನು ಕನ್ನಡದಲ್ಲಿ ಉತ್ತರ ಹೇಳಿದೆ. ಅವಳಿಗೆ ಕಿವಿ ಮಂದವಾಗಿತ್ತು, ಕನ್ನಡ ಅಷ್ಟು ತಿಳಿಯುತ್ತಲೂ ಇರಲಿಲ್ಲ. ಮತ್ತೆ ಅದನ್ನೇ ಕೇಳಿದಳು. ನಾನು ಮತ್ತೆ ಕನ್ನಡದಲ್ಲೇ ಹೇಳಿದೆ. ಅವಳು ತಲೆ ಆಡಿಸಿ ಸುಮ್ಮನಾದಳು. ಆ ತಿಂಗಳೇ ಹೋದಳು.

ತಿರುಗಿ ಬರುವಾಗ ರೈಲಿನಲ್ಲಿ ಅಪ್ಪ ಕಿಟಕಿಯ ಹೊರಗೆ ನೋಡುತ್ತ ಅಂದರು:

"ಅಕಿಗಿ ತೆಲುಗಿನಾಗೇ ಹೇಳಬೇಕಿತ್ತಲ್ಲ ನೀ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಏನೂ ಹೇಳಲಿಲ್ಲ. ಅವರು ನಿಜವಾಗಿಯೂ ಹಾಗೆ ತಿಳಿದಿದ್ದರು. ಅಷ್ಟು ವರ್ಷ ನಮ್ಮ ನಾಲಗೆಗೆ ಏನಾಗಿದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಎಸ್ಸೆಸ್ಸೆಲ್ಸಿ ಆಯಿತು. ಟಿ.ಸಿ.ಎಚ್. ಮುಗಿಸಿದೆ. ಫೀಸಿಗೆ ಅವ್ವನ ಗುಂಡಿನ ಸರ ಹೋಯಿತು. 1982ರಲ್ಲಿ ಮಾಸ್ತರಿಕೆಗೆ ಎರಡೂ ರಾಜ್ಯದಲ್ಲಿ ಅರ್ಜಿ ಹಾಕಿದೆ. ಆಂಧ್ರದಲ್ಲಿ 1975ರ ರಾಷ್ಟ್ರಪತಿ ಆದೇಶ ಬಂದಿತ್ತು. ಪರೀಕ್ಷೆಗೆ ಕೂತ ವರ್ಷವೂ ಸೇರಿ ಸತತ ನಾಲ್ಕು ವರ್ಷ ಅದೇ ಭಾಗದಲ್ಲಿ ಓದಿದವರು ಸ್ಥಳೀಯರು, ಹೆಚ್ಚಿನ ಹುದ್ದೆ ಅವರಿಗೆ. ನಾನು ಓದಿದ್ದು ಬೀದರಿನಲ್ಲಿ. ಹುಟ್ಟಿದ ತಾಲ್ಲೂಕಿನಲ್ಲೇ ಸ್ಥಳೀಯಳಲ್ಲ ಎಂದಾಯಿತು. ಗಡಿಯ ಆಚೆಯ ಕಚೇರಿಯಲ್ಲಿ ವಾಸದ ಪತ್ರ ಕೇಳಿದರು. ಅಪ್ಪನ ರೇಷನ್ ಕಾರ್ಡು, ಪಹಣಿ ಎಲ್ಲ ಆಂಧ್ರದವು. ಆ ಅರ್ಜಿಯೂ ವಾಪಸು ಬಂತು.

ಕಾಗದವನ್ನು ನಾನೇ ಅಪ್ಪನಿಗೆ ಓದಿ ಹೇಳಿದೆ. ರಾತ್ರಿ ಅವ್ವ ಎಲ್ಲರಿಗೂ ಬಡಿಸಿದಳು. ಅಪ್ಪ ಗಂಗಾಳ ಸರಿಸಿದರು.

"ನನಗ ಹಸಿವಿಲ್ಲ."

ಅವ್ವ ತನ್ನ ಗಂಗಾಳ ತೆಗೆದಿಟ್ಟಳು. ನಾನು ಉಂಡೆ. ಎರಡು ರೊಟ್ಟಿ ತಿಂದು ಮೂರನೆಯದು ಕೇಳಿ ಹಾಕಿಸಿಕೊಂಡೆ. ಯಾರ ಮುಖವನ್ನೂ ನೋಡಲಿಲ್ಲ. ಕೈ ನಡುಗುತ್ತಿತ್ತು, ಆದರೂ ಹೊಟ್ಟೆ ನೋಯಲಿಲ್ಲ. ಬೆಳಿಗ್ಗೆ ಅಪ್ಪ ತಾವೇ ಬಂದು ಕೂತು ಉಂಡರು. ಆ ಮೇಲೆ ನನ್ನ ಕಾರಣಕ್ಕೆ ಅವರು ಊಟ ಬಿಡಲಿಲ್ಲ.

ಅದೇ ತಿಂಗಳು ತಾಂಡೂರಿಗೆ ಹೋದೆ. ಮಾವನ ಫರ್ಸಿ ಕಲ್ಲಿನ ವ್ಯಾಪಾರದಲ್ಲಿ ಲೆಕ್ಕ ಬರೆಯುವವರು ಬೇಕಾಗಿತ್ತು. ತೆಲುಗು ಅಕ್ಷರ ಮರೆತಂತಾಗಿತ್ತು, ಮಾವನ ಸಣ್ಣ ಮಗನ ಪುಸ್ತಕ ಇಟ್ಟುಕೊಂಡು ಮತ್ತೆ ತಿದ್ದಿದೆ. ಮಷೀನಿನ ಬಿಳಿ ಧೂಳಿನಲ್ಲಿ ಕೂತು ಬಹಳ ವರ್ಷ ಲೆಕ್ಕ ಬರೆದೆ. ಅಲ್ಲೇ ಮದುವೆಯಾಯಿತು. ಅಪ್ಪ ಪತ್ರ ಬರೆಯುತ್ತಿದ್ದರು, ಕನ್ನಡದಲ್ಲಿ. ನಾನೂ ಕನ್ನಡದಲ್ಲೇ ಉತ್ತರ ಬರೆಯುತ್ತಿದ್ದೆ. ಪತ್ರದಲ್ಲಿ ನಾವಿಬ್ಬರೂ ಚೆನ್ನಾಗಿದ್ದೆವು.

1996ರಲ್ಲಿ ಅವರು ಲಕವಾ ಹೊಡೆದು ತೀರಿಕೊಂಡರು. ಕೊನೆಯ ವಾರ ಗಂಜಿ ಒಳಗಿಳಿಯುತ್ತಿರಲಿಲ್ಲ. ಹಸಿವಾಗಿದೆ ಎಂದು ಕೈಸನ್ನೆ ಮಾಡುತ್ತಿದ್ದರು. ಚಮಚದಲ್ಲಿ ಹನಿಹನಿಯಾಗಿ ಹಾಕುವ ಕೆಲಸ ನನ್ನದಾಗಿತ್ತು.

2012ರ ಡಿಸೆಂಬರಿನಲ್ಲಿ ಸಂವಿಧಾನದ 371(ಜೆ) ತಿದ್ದುಪಡಿ ಸಂಸತ್ತಿನಲ್ಲಿ ಪಾಸಾಯಿತು. ಆಗಿನ ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ. ಬೀದರಿನ ಅತ್ತೆಯ ಮಗ ಫೋನು ಮಾಡಿ ಸಂಭ್ರಮದಿಂದ ಹೇಳಿದ. ನಮ್ಮ ತಾಲ್ಲೂಕುಗಳು ಅದರಲ್ಲಿ ಇಲ್ಲ, ಇರುವಂತೆಯೂ ಇಲ್ಲ. ಅವ್ವ ಜಹೀರಾಬಾದಿನಲ್ಲಿ ತಮ್ಮನ ಮನೆಯಲ್ಲಿದ್ದಳು, ನಾನು ನೋಡಲು ಹೋಗಿದ್ದೆ. ಮೊಮ್ಮಕ್ಕಳಿಗೆ ತೆಲುಗಿನಲ್ಲಿ ಏನೋ ಗದರಿ ನನ್ನ ಕಡೆ ತಿರುಗಿದಳು.

"ನಿಮ್ಮಪ್ಪ ಇದ್ದಿದ್ರ ಇವತ್ತು ಊಟ ಬಿಡ್ತಿದ್ರು ನೋಡು," ಎಂದು ನಕ್ಕಳು.

"ನೀನೂ ಬಿಡ್ತಿದ್ದಿ ಏನು ಅವ್ವಾ?" ಎಂದೆ.

"ಬಿಡ್ತಿದ್ದೆ. ಮತ್ತೇನು ಮಾಡ್ಲಿ?" ಎಂದಳು.